ಅಜ್ಜನ ಟ್ರಂಕಿನಲ್ಲಿ ಏಳು ಫಿಲ್ಮ್ ರೀಲು, ಯುದ್ಧಕಾಲದ್ದು. ಎಂತ ಮಾಡುವುದು?

ಕಲ್ಯಾಣಪುರದ ಮೊಮ್ಮಗಳು
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ದಯವಿಟ್ಟು ಓದಿ.

ಕಲ್ಯಾಣಪುರದ ನಮ್ಮ ಹಳೇ ಮನೆಯ ಮಾಡು ಈ ಮಳೆಗೆ ಮುಂಚೆ ಬಿಚ್ಚಿಸಬೇಕಿತ್ತು. ಅಟ್ಟ ಖಾಲಿ ಮಾಡುವಾಗ ಒಂದು ಹಸಿರು ಟ್ರಂಕು ಸಿಕ್ಕಿತು. ಅಮ್ಮನ ಅಪ್ಪನದ್ದು. ಒಳಗೆ ಖಾಕಿ ಬಟ್ಟೆ, ಇಂಜಿನಿಯರುಗಳು ಲೆಕ್ಕ ಮಾಡುವ ಒಂದು ಸ್ಲೈಡ್ ರೂಲ್, ಮತ್ತೆ ಹಳದಿ ರಟ್ಟಿನ ಡಬ್ಬಗಳಲ್ಲಿ ಏಳು ಫಿಲ್ಮ್ ರೀಲು. ಒಂದೊಂದೂ ನನ್ನ ಅಂಗೈಗಿಂತ ಸಣ್ಣದು.

ಅಜ್ಜ ಗಿಂಡಿಯಲ್ಲಿ ಇಂಜಿನಿಯರಿಂಗ್ ಓದಿದವರು. ಆಗ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತಲ್ಲ. 1941ರಲ್ಲಿ ಸೇನೆಗೆ ಸೇರಿ 1946ರಲ್ಲಿ ವಾಪಸು ಬಂದರು. ಬರ್ಮಾಕ್ಕೆ ಹೋಗಿದ್ದರು ಅಂತ ಮನೆಯಲ್ಲಿ ಎಲ್ಲರೂ ಹೇಳುವುದು. ಅವರು ತೀರಿಕೊಂಡಾಗ ನನಗೆ ಆರು ವರ್ಷ. ಅವರ ಬಾಯಿಂದ ಯುದ್ಧದ ಒಂದು ಮಾತೂ ನಾನು ಕೇಳಿಲ್ಲ. ಅಮ್ಮನೂ ಕೇಳಿಲ್ಲವಂತೆ.

ಡಬ್ಬಗಳ ಮೇಲೆ ಪೆನ್ಸಿಲಿನಲ್ಲಿ ಕನ್ನಡದಲ್ಲೇ ಬರೆದಿದ್ದಾರೆ: "ಮರಳು", "ಊಟ", "ತಂಬಿಗಳು", "ಸೇತು 1", "ಸೇತು 2", "ಹಿಮ". ಏಳನೆಯದರ ಮೇಲೆ ಏನೂ ಇಲ್ಲ. ಅದರಿಂದ ಹುಳಿ ವಾಸನೆ ಬರುತ್ತಿದೆ.

ಪರಿಚಯದವರೊಬ್ಬರ ಹತ್ತಿರ ಹಳೇ ಪ್ರೊಜೆಕ್ಟರ್ ಉಂಟು. ಭಾನುವಾರ ಹಾಕಿ ನೋಡುವ ಅಂತ ಹೇಳಿದ್ದಾರೆ. ಹಾಕಬಹುದಾ?

ಉರ್ವಾಸ್ಟೋರ್
ಹಾಕಬೇಡಿ!! ಮೊದಲು ಅದು. ಉಳಿದದ್ದು ಆಮೇಲೆ ಮಾತಾಡುವ.

ಮಲ್ಪೆ ಗಾಳಿ
ಯಾಕೆ ಹಾಕಬಾರದು? ಪ್ರೊಜೆಕ್ಟರ್ ಇರುವುದೇ ಅದಕ್ಕೆ ಅಲ್ವಾ. ಗೋಡೆ ಮೇಲೆ ಬಿದ್ದದ್ದನ್ನು ಮೊಬೈಲಿನಲ್ಲಿ ವಿಡಿಯೊ ತೆಗೆದರೆ ಒಂದೇ ದಿನದಲ್ಲಿ ಕೆಲಸ ಮುಗಿಯಿತು.

ಹಳೇ ರೀಲು
ಮಲ್ಪೆಯವರೇ, ಹಾಗೆ ಮಾಡಿದರೆ ಫಿಲ್ಮೂ ಮುಗಿಯುತ್ತದೆ. ನಾನು ಮೂವತ್ತು ವರ್ಷ ಥಿಯೇಟರಿನಲ್ಲಿ ಪ್ರೊಜೆಕ್ಟರ್ ನಡೆಸಿದವನು. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎಂಬತ್ತು ವರ್ಷ ಹಳೆಯ ಫಿಲ್ಮ್ ಕುಗ್ಗಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಆದರೆ ನೂರಕ್ಕೆ ಒಂದು ಪಾಲು ಕುಗ್ಗಿದರೂ ಅಂಚಿನ ತೂತಿಗೂ ಪ್ರೊಜೆಕ್ಟರಿನ ಹಲ್ಲಿಗೂ ತಾಳೆ ಆಗುವುದಿಲ್ಲ. ಹಲ್ಲು ತೂತನ್ನು ಹರಿಯುತ್ತಾ ಹೋಗುತ್ತದೆ. ಎಲ್ಲಾದರೂ ಸಿಕ್ಕಿ ನಿಂತರೆ ಬಲ್ಬಿನ ಬಿಸಿಗೆ ಆ ಚಿತ್ರ ಕರಗಿ ಗುಳ್ಳೆ ಏಳುತ್ತದೆ. ಇದು ರಿವರ್ಸಲ್ ಫಿಲ್ಮ್. ಅಂದರೆ ಕ್ಯಾಮೆರಾದಲ್ಲಿ ಓಡಿದ ಫಿಲ್ಮೇ ಪರದೆಗೂ ಬರುವುದು. ಬೇರೆ ನೆಗೆಟಿವ್ ಇಲ್ಲ. ನಿಮ್ಮ ಕೈಯಲ್ಲಿ ಇರುವುದೇ ಮೊದಲಿನದ್ದು, ಕೊನೆಯದ್ದು.

ಹುಳಿ ವಾಸನೆಗೆ ಇಂಗ್ಲಿಷಿನಲ್ಲಿ ವಿನಿಗರ್ ಸಿಂಡ್ರೋಮ್ ಅನ್ನುತ್ತಾರೆ. ಫಿಲ್ಮಿನ ಅಸಿಟೇಟ್ ಅನ್ನುವ ಪ್ಲಾಸ್ಟಿಕ್ ಒಡೆದು ಅಸಿಟಿಕ್ ಆಸಿಡ್ ಬಿಡುತ್ತಿದೆ. ಶೆಕೆ ಮತ್ತು ಪಸೆ ಎರಡೂ ಸೇರಿದರೆ ಬೇಗ ಆಗುತ್ತದೆ. ನಮ್ಮ ಕರಾವಳಿಯಲ್ಲಿ ಎರಡೂ ಧಾರಾಳ ಉಂಟು. ಒಂದು ರೀಲಿನ ಹಬೆ ಪಕ್ಕದ್ದನ್ನೂ ಕೆಡಿಸುತ್ತದೆ. ಇವತ್ತೇ ಆ ಏಳನೆಯದನ್ನು ಬೇರೆ ಕೋಣೆಯಲ್ಲಿಡಿ, ಬಿಚ್ಚಲಿಕ್ಕೆ ಹೋಗಬೇಡಿ.

ಕಂಕನಾಡಿ ಲತಾ
ಹಳೇ ಫಿಲ್ಮ್ ತಾನಾಗಿ ಬೆಂಕಿ ಹಿಡಿಯುತ್ತದೆ ಅಂತ ಓದಿದ ನೆನಪು. ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪಾಯ ಅಲ್ವಾ?

ಹಳೇ ರೀಲು
ಅದು ನೈಟ್ರೇಟ್, ಥಿಯೇಟರಿಗೆ ಬರುತ್ತಿದ್ದ 35 ಎಂ.ಎಂ. ಫಿಲ್ಮಿನ ಸಮಾಚಾರ. ಮನೆಯವರ ಕೈಗೆ ಕೊಡುವ ಫಿಲ್ಮ್ ಬೆಂಕಿ ಹಿಡಿಯಬಾರದು ಅಂತಲೇ ಕೊಡಾಕ್ ತನ್ನ 16 ಎಂ.ಎಂ. ಮತ್ತು 8 ಎಂ.ಎಂ. ಫಿಲ್ಮನ್ನು ಸೇಫ್ಟಿ ಬೇಸಿನಲ್ಲಿ, ಅಂದರೆ ಆಗಲೇ ಹೇಳಿದ ಅಸಿಟೇಟಿನಲ್ಲಿ, ಮಾಡಿತು. 16 ಬಂದದ್ದು 1923ರಲ್ಲಿ, 8 ಬಂದದ್ದು 1932ರಲ್ಲಿ. ಅಂಚನ್ನು ಬೆಳಕಿಗೆ ಹಿಡಿದರೆ "ಸೇಫ್ಟಿ" ಅಂತ ಇಂಗ್ಲಿಷಿನಲ್ಲಿ ಕಾಣಬೇಕು. ಅಂಗೈಗಿಂತ ಸಣ್ಣ ರೀಲು ಅಂದರೆ 8 ಎಂ.ಎಂ. ಇರಬೇಕು.

ಪಡುಬಿದ್ರಿ ಶೆಣೈ
ಅಕ್ಕಿ ಡಬ್ಬದಲ್ಲಿ ಹುಗಿದಿಡಿ. ಪಸೆ ಎಳೆಯುತ್ತದೆ. ನೀರಿಗೆ ಬಿದ್ದ ಮೊಬೈಲಿಗೆ ಹಾಗೇ ಮಾಡುವುದು.

ಕಂಕನಾಡಿ ಲತಾ
ಬೂಸ್ಟು ಹಿಡಿದಿದ್ದರೆ ಎಳೆ ಬಿಸಿಲಿಗೆ ಇಡಬಹುದು. ನಮ್ಮ ಹಳೇ ಪುಸ್ತಕಗಳಿಗೆ ಹಾಗೇ ಮಾಡುತ್ತೇವೆ.

ಹಳೇ ರೀಲು
ಎರಡೂ ಬೇಡ. ಅಕ್ಕಿಯ ಹಿಟ್ಟು ಸುರುಳಿಯ ಒಳಗೆ ಹೋಗಿ ಗೀರು ಹಾಕುತ್ತದೆ. ಬಿಸಿಲಿಗೆ ಫಿಲ್ಮ್ ಸೊಟ್ಟ ಆಗುತ್ತದೆ. ನುಸಿಗುಳಿಗೆಯೂ ಬೇಡ. ತಂಪಾದ, ಒಣ ಕೋಣೆ ಸಾಕು. ಚೆನ್ನಾಗಿರುವ ಆರು ರೀಲಿನ ಹತ್ತಿರ ಸಿಲಿಕಾ ಜೆಲ್ ಇಡಿ. ಹುಳಿ ಬಂದದ್ದನ್ನು ಗಾಳಿಯಾಡದ ಡಬ್ಬದಲ್ಲಿ ಮುಚ್ಚಬೇಡಿ, ಹಬೆ ಹೊರಗೆ ಹೋಗಬೇಕು.

ಕೋಡಿಬೆಂಗ್ರೆ
ನನಗೆ ಒಂದು ವಿಷಯ ಹೊಳೆಯಿತು. ಬರ್ಮಾಕ್ಕೆ ಹೋದವರ ಡಬ್ಬದ ಮೇಲೆ "ಮರಳು", "ಹಿಮ" ಯಾಕೆ?

ಕಲ್ಯಾಣಪುರದ ಮೊಮ್ಮಗಳು
ಅಯ್ಯೋ ಹೌದಲ್ಲ. ಇಷ್ಟು ದಿನ ಡಬ್ಬ ನೋಡುತ್ತಿದ್ದೇನೆ, ಇದು ಹೊಳೆಯಲೇ ಇಲ್ಲ. "ತಂಬಿಗಳು" ಅಂದರೆ ತಮಿಳಿನಲ್ಲಿ ತಮ್ಮಂದಿರು ಅಲ್ವಾ? ಅಜ್ಜನಿಗೆ ತಮ್ಮಂದಿರು ಇರಲಿಲ್ಲ. ಒಬ್ಬಳೇ ತಂಗಿ.

ಕಾರ್ಕಳದ ಸ್ಯಾಪರ್
ಅಮ್ಮಾ, ನಾನು ಸೇನೆಯ ಮದ್ರಾಸ್ ಇಂಜಿನಿಯರ್ ಗ್ರೂಪಿನಲ್ಲಿ, ಅಂದರೆ ಮದ್ರಾಸ್ ಸ್ಯಾಪರ್ಸ್ ದಳದಲ್ಲಿ, 24 ವರ್ಷ ಇದ್ದವನು. "ತಂಬಿ" ಅಂದರೆ ನಾವೇ. ಮದ್ರಾಸ್ ಸ್ಯಾಪರ್ಸ್ ಜವಾನನಿಗೆ ಇವತ್ತಿಗೂ ಅದೇ ಹೆಸರು. ತಮಿಳು, ತೆಲುಗು, ಮಲಯಾಳ, ಕನ್ನಡ, ತುಳು ಯಾವುದು ಮಾತಾಡಿದರೂ ತಂಬಿಯೇ. 1780ರಲ್ಲಿ ಮದ್ರಾಸಿನಲ್ಲಿ ಶುರುವಾದ ದಳ. ಸೆಂಟರ್ ಇರುವುದು ಬೆಂಗಳೂರಿನ ಹಲಸೂರು ಕೆರೆ ಹತ್ತಿರ. ನಿಮ್ಮ ಅಜ್ಜ ತನ್ನ ಜವಾನರ ಫಿಲ್ಮ್ ತೆಗೆದು "ತಂಬಿಗಳು" ಅಂತ ಬರೆದಿದ್ದಾರೆ. ಓದಿ ನನ್ನ ಎದೆ ತುಂಬಿ ಬಂತು.

ಸ್ಯಾಪರ್ ಅಂದರೆ ಬರೀ ಬಂದೂಕು ಹಿಡಿಯುವವನಲ್ಲ. ರಸ್ತೆ ಮಾಡುವವನು, ಸೇತುವೆ ಕಟ್ಟುವವನು, ನೆಲಬಾಂಬು ತೆಗೆಯುವವನು, ನೀರು ಹುಡುಕುವವನು. ಮುಂದೆ ಹೋಗುವ ಸೈನ್ಯಕ್ಕಿಂತ ಒಂದು ಹೆಜ್ಜೆ ಮುಂದೆ ಅವನು ಇರಬೇಕು. 1944ರ ಫೆಬ್ರವರಿ 24ರಂದು ಇಟಲಿಯ ಮಿನ್ಯಾನೋ ಹತ್ತಿರ ನಮ್ಮ ಸುಬೇದಾರ್ ಸುಬ್ರಮಣ್ಯನ್ ತನ್ನ ಜೊತೆಯವರನ್ನು ಉಳಿಸಲಿಕ್ಕೆ ನೆಲಬಾಂಬಿನ ಮೇಲೆ ಬಿದ್ದು ಪ್ರಾಣ ಕೊಟ್ಟರು. ಸತ್ತ ಮೇಲೆ ಬ್ರಿಟಿಷರ ದೊಡ್ಡ ಶೌರ್ಯ ಪದಕ ಜಾರ್ಜ್ ಕ್ರಾಸ್ ಬಂತು. ಸೆಂಟರಿನಲ್ಲಿ ಅವರ ಹೆಸರು ಕೇಳದ ತಂಬಿ ಇಲ್ಲ.

ಬಂಟ್ವಾಳ ಮೇಷ್ಟ್ರು
ಬರ್ಮಾ ಅನ್ನುವುದು ಹೇಗೆ ಬಂತು ಅಂತ ಊಹಿಸಬಹುದು. ಯುದ್ಧಕಾಲದಲ್ಲಿ ಸೈನಿಕರ ಪತ್ರ ಸೆನ್ಸಾರ್ ಆಗುತ್ತಿತ್ತು. ಊರಿನ ಹೆಸರು, ಹಡಗಿನ ಹೆಸರು ಬರೆಯುವ ಹಾಗಿರಲಿಲ್ಲ. 1942ರಲ್ಲಿ ಬರ್ಮಾದಿಂದ ಲಕ್ಷಗಟ್ಟಲೆ ಜನ ಓಡಿ ಬಂದರು. ಎಲ್ಲರ ಬಾಯಲ್ಲೂ ಅದೇ ಸುದ್ದಿ. ಮಗ ಎಲ್ಲಿದ್ದಾನೆ ಅಂತ ಗೊತ್ತಿಲ್ಲದ ಮನೆಯಲ್ಲಿ "ಬರ್ಮಾದಲ್ಲಿ" ಅಂತ ಆಗಿರುತ್ತದೆ.

ಫಳ್ನೀರ್
ಒಂದು ಸಂಶಯ. ಯುದ್ಧಕ್ಕೆ ಹೋದವರಿಗೆ ಸಿನಿಮಾ ಕ್ಯಾಮೆರಾ ಇಟ್ಟುಕೊಳ್ಳಲಿಕ್ಕೆ ಬಿಡುತ್ತಿದ್ದರಾ?

ಬಂಟ್ವಾಳ ಮೇಷ್ಟ್ರು
ಕಟ್ಟುನಿಟ್ಟು ಇತ್ತು. ಯುದ್ಧದ ಚಿತ್ರ ತೆಗೆಯಲಿಕ್ಕೆ ಸೇನೆಯದ್ದೇ ಫಿಲ್ಮ್ ಘಟಕ ಇತ್ತು. ಇಲ್ಲಿ 1943ರಿಂದ "ಇಂಡಿಯನ್ ನ್ಯೂಸ್ ಪೆರೇಡ್" ಅಂತ ಸರ್ಕಾರಿ ವಾರ್ತಾಚಿತ್ರ ಥಿಯೇಟರಿಗೆ ಬರುತ್ತಿತ್ತು. ಆದರೂ ಎಷ್ಟೋ ಜನ ಅಧಿಕಾರಿಗಳು ಸಣ್ಣ ಕ್ಯಾಮೆರಾ ಹತ್ತಿರ ಇಟ್ಟುಕೊಳ್ಳುತ್ತಿದ್ದರು. ಕಾದಾಟದ ಜಾಗ ಬಿಟ್ಟು ಹಿಂದಿನ ಶಿಬಿರ, ರಜೆ, ಕೆಲಸ ತೆಗೆಯುತ್ತಿದ್ದರು. ಡಬ್ಬದ ಹೆಸರು ನೋಡಿ: ಊಟ, ಸೇತು, ತಂಬಿಗಳು.

ಕೋಡಿಬೆಂಗ್ರೆ
ಮೇಷ್ಟ್ರೇ, ಬೇಸರ ಮಾಡಬೇಡಿ. ನನ್ನ ಮನಸ್ಸಿನಲ್ಲಿ ಇದ್ದದ್ದು ಹೇಳುತ್ತೇನೆ. ಅದು ಬ್ರಿಟಿಷರ ಸೈನ್ಯ. 1942ರಲ್ಲಿ ಇಲ್ಲಿ ಜನ ಜೈಲಿಗೆ ಹೋಗುತ್ತಿದ್ದರು. 1943ರಲ್ಲಿ ಬಂಗಾಳದಲ್ಲಿ ಅನ್ನ ಇಲ್ಲದೆ ಲಕ್ಷಗಟ್ಟಲೆ ಜನ ಸತ್ತರು. ಆಗ ಬ್ರಿಟಿಷರ ಸಮವಸ್ತ್ರ ಹಾಕಿ ಇಟಲಿಯಲ್ಲಿ ಸೇತುವೆ ಕಟ್ಟಿದ್ದನ್ನು ನಾವು ಯಾಕೆ ತಲೆ ಮೇಲೆ ಹೊತ್ತುಕೊಳ್ಳಬೇಕು? ನಮ್ಮ ಮನೆಯಲ್ಲಿ ದೊಡ್ಡಜ್ಜ ಸತ್ಯಾಗ್ರಹಕ್ಕೆ ಹೋದವರು. ಅವರದ್ದು ಒಂದು ಫೋಟೊ ಕೂಡ ಇಲ್ಲ.

ಕಾರ್ಕಳದ ಸ್ಯಾಪರ್
ತಮ್ಮಾ, ನಿಮ್ಮ ದೊಡ್ಡಜ್ಜನಿಗೆ ನನ್ನ ಸೆಲ್ಯೂಟ್. ಆದರೆ ಆ ಯುದ್ಧಕ್ಕೆ ನಮ್ಮ ದೇಶದಿಂದ ಸುಮಾರು 25 ಲಕ್ಷ ಜನ ಹೋಗಿದ್ದಾರೆ. 87,000ದಷ್ಟು ಜನ ವಾಪಸು ಬರಲಿಲ್ಲ. ಹೊಟ್ಟೆಪಾಡಿಗೆ ಹೋದವರು, ಫ್ಯಾಸಿಸ್ಟರನ್ನು ಸೋಲಿಸಬೇಕು ಅಂತ ಹೋದವರು, ಊರು ಬಿಟ್ಟು ಲೋಕ ನೋಡಲಿಕ್ಕೆ ಹೋದವರು, ಎಲ್ಲರೂ ಇದ್ದರು. ಇಟಲಿಯ ಕಸ್ಸೀನೋ, ಫೋರ್ಲಿ ಸ್ಮಶಾನಗಳಲ್ಲಿ ನಮ್ಮವರ ಹೆಸರು ಕಲ್ಲಿನಲ್ಲಿ ಉಂಟು. ಅವರ ಮನೆಯವರಿಗೆ ಆ ಕಲ್ಲು ನೋಡಲಿಕ್ಕೂ ಆಗಲಿಲ್ಲ.

ಬಂಟ್ವಾಳ ಮೇಷ್ಟ್ರು
ಕೋಡಿಬೆಂಗ್ರೆಯವರ ಪ್ರಶ್ನೆ ಸರಿಯಾದ ಪ್ರಶ್ನೆಯೇ. ಆದರೆ ಅದಕ್ಕೆ ಉತ್ತರ ಹುಡುಕಬೇಕಾದರೂ ಈ ಫಿಲ್ಮ್ ಉಳಿಯಬೇಕು. ಕೇಂಬ್ರಿಜಿನ ದಕ್ಷಿಣ ಏಷ್ಯಾ ಅಧ್ಯಯನ ಕೇಂದ್ರದಲ್ಲಿ ಆ ಕಾಲದ ಮನೆ ಸಿನಿಮಾಗಳ ದೊಡ್ಡ ಸಂಗ್ರಹ ಉಂಟು. ನಾನು ನೋಡಿದವೆಲ್ಲ ಹೆಚ್ಚಾಗಿ ಬ್ರಿಟಿಷ್ ಕುಟುಂಬದವರು ತೆಗೆದದ್ದು. ದೊರೆ, ದೊರೆಸಾನಿ, ಅವರ ನಾಯಿ, ಅವರ ತೋಟ. ನಮ್ಮವರು ಮೂಲೆಯಲ್ಲಿ ತಟ್ಟೆ ಹಿಡಿದು ನಿಂತಿರುತ್ತಾರೆ. ಇಲ್ಲಿ ಕ್ಯಾಮೆರಾ ಹಿಡಿದವನು ಕಲ್ಯಾಣಪುರದವನು. ಅವನ ಎದುರಿಗೆ ನಿಂತವರು ಅವನ ಜವಾನರು. ಇದು ಎಷ್ಟು ಅಪರೂಪ ಅಂತ ಯೋಚಿಸಿ.

ಮಲ್ಪೆ ಗಾಳಿ
ನಮ್ಮ ಮನೆಯಲ್ಲೂ ಒಂದು ರೀಲು ಇತ್ತು. ಅಪ್ಪ ಅಮ್ಮನ ಮದುವೆಯದ್ದು. ಡಿಜಿಟಲ್ ಮಾಡಿಸಲಿಕ್ಕೆ ಒಂದು ಸ್ಟುಡಿಯೊಕ್ಕೆ ಕೊಟ್ಟೆವು. ಆರು ತಿಂಗಳು ಅಲೆದಾಡಿದ ಮೇಲೆ "ಕಳೆದುಹೋಯಿತು" ಅಂದುಬಿಟ್ಟರು. ಅಮ್ಮ ಅವತ್ತು ಊಟ ಮಾಡಲಿಲ್ಲ. ನನಗೆ ರೀಲು ಅಂದರೆ ಮೊದಲು ನೆನಪಾಗುವುದು ಅದೇ. ಅದಕ್ಕೇ ಕಣ್ಣೆದುರಿಗೆ ಮಾಡಿ ಮುಗಿಸಿ ಅಂತ ಬರೆದೆ.

ಹಳೇ ರೀಲು
ಆ ನೋವು ಅರ್ಥವಾಗುತ್ತದೆ. ಯಾರಿಗೇ ಕೊಡುವುದಿದ್ದರೂ ಮೊದಲು ಪ್ರತಿ ಡಬ್ಬದ ಫೋಟೊ ತೆಗೆಯಿರಿ. ಎಷ್ಟು ರೀಲು, ಏನು ಬರೆದಿದೆ ಅಂತ ಪಟ್ಟಿ ಮಾಡಿ, ಅವರ ಸಹಿ ಹಾಕಿಸಿ. ಎಲ್ಲ ಒಟ್ಟಿಗೆ ಕೊಡಬೇಡಿ. ಮೊದಲು ಎರಡು ಕೊಟ್ಟು ನೋಡಿ.

ಮಣಿಪಾಲ ಬೆಂಚು
ಅಕ್ಕಾ, ನಾನು ಮಣಿಪಾಲದಲ್ಲಿ ಓದುತ್ತಿದ್ದೇನೆ. ನಾವು ಮೂರು ಜನ ಸೇರಿ ಒಂದು ಸ್ಕ್ಯಾನರ್ ಮಾಡಿದ್ದೇವೆ. ಹಲ್ಲಿನ ಚಕ್ರ ಇಲ್ಲ, ಮೆತ್ತನೆಯ ರೋಲರ್ ಮಾತ್ರ. ಕೆಳಗಿನಿಂದ ಎಲ್‌ಇಡಿ ಬೆಳಕು, ಮೇಲೆ ಮ್ಯಾಕ್ರೋ ಲೆನ್ಸ್ ಹಾಕಿದ ಕ್ಯಾಮೆರಾ. ಒಂದೊಂದೇ ಚಿತ್ರ ತೆಗೆಯುತ್ತದೆ. 50 ಅಡಿ ರೀಲಿನಲ್ಲಿ 4,000 ಚಿತ್ರ ಇರುತ್ತದೆ, ಹಾಗಾಗಿ ನಿಧಾನ. ದುಡ್ಡು ಬೇಡ. ನೀವು ಎದುರಿಗೇ ಕುಳಿತಿರಿ, ರೀಲು ನಿಮ್ಮ ಕಣ್ಣಿಂದ ಆಚೆ ಹೋಗುವುದಿಲ್ಲ.

ಹಳೇ ರೀಲು
ಹಲ್ಲಿಲ್ಲದ ಸ್ಕ್ಯಾನರ್ ಆದರೆ ಆಗಬಹುದು. ನಾನೂ ಬರುತ್ತೇನೆ. ರೀಲು ಹಾಕುವುದು ನಾನು ಮಾಡುತ್ತೇನೆ.

ಉರ್ವಾಸ್ಟೋರ್
ಇದಕ್ಕೇ ನಮ್ಮ ಊರು ನನಗೆ ಇಷ್ಟ.

ಕಂಕನಾಡಿ ಲತಾ
ಅಜ್ಜನಿಗೆ ಒಬ್ಬ ತಂಗಿ ಅಂದಿರಲ್ಲ, ಅವರು ಇದ್ದಾರಾ?

ಕಲ್ಯಾಣಪುರದ ಮೊಮ್ಮಗಳು
ಇದ್ದಾರೆ. ಬ್ರಹ್ಮಾವರದಲ್ಲಿ. ಸಣ್ಣಜ್ಜಿಗೆ ಈಗ 94. ಕಿವಿ ಸ್ವಲ್ಪ ಮಂದ, ನೆನಪು ಚೆನ್ನಾಗಿದೆ.

ಕಂಕನಾಡಿ ಲತಾ
ಹಾಗಾದರೆ ಫಿಲ್ಮ್ ಕಾಯಲಿ, ಅವರನ್ನು ಕಾಯಿಸಬೇಡಿ. ಫಿಲ್ಮಿಗೆ ಬಾಯಿ ಇಲ್ಲ. ಅದರಲ್ಲಿ ಯಾರು ಇದ್ದಾರೆ ಅಂತ ಹೇಳಬಲ್ಲವರು ಅವರೊಬ್ಬರೇ ಇರಬಹುದು. ನಮ್ಮ ಅತ್ತೆ ತೀರಿಕೊಂಡ ಮೇಲೆ ಆಲ್ಬಮ್ ತೆರೆದೆವು. 200 ಫೋಟೊ. ಅರ್ಧದಷ್ಟು ಜನ ಯಾರು ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಇವತ್ತೇ ಫೋನಿನ ರೆಕಾರ್ಡರ್ ಇಟ್ಟು ಮಾತಾಡಿಸಿ.

ಕಲ್ಯಾಣಪುರದ ಮೊಮ್ಮಗಳು
ಹತ್ತು ದಿನ ಬರೆಯಲಿಲ್ಲ, ಕ್ಷಮಿಸಿ. ಮಣಿಪಾಲಕ್ಕೆ ಹೋಗಿದ್ದೆವು. ಹಳೇ ರೀಲು ಮಾಮನೂ ಬಂದಿದ್ದರು. ಆರು ರೀಲಿನಲ್ಲಿ "ಸೇತು 2" ಮತ್ತು "ಹಿಮ" ಆಯಿತು.

"ಹಿಮ" ಬಣ್ಣದ್ದು! ನಾನು ಕಪ್ಪು ಬಿಳುಪು ಇರುತ್ತದೆ ಅಂದುಕೊಂಡಿದ್ದೆ. ಹಿಮ, ಕಲ್ಲಿನ ಮನೆಗಳು, ಒಂದು ಟ್ರಕ್ಕಿನ ಮಡ್‌ಗಾರ್ಡ್ ಮೇಲೆ ಕೆಂಪು ಹಕ್ಕಿಯ ಚಿತ್ರ. ಬಣ್ಣ ನಿನ್ನೆ ಬಳಿದ ಹಾಗೆ ಉಂಟು. ಎರಡು ರೀಲಿನಲ್ಲೂ ಸರಿಯಾಗಿ ನಡುವೆ ಒಂದು ಕಿತ್ತಳೆ ಬೆಳಕು ಫಳ್ ಅಂತ ಬಂದು ಹೋಗುತ್ತದೆ. ಬಾಂಬಾ ಅಂತ ಅಮ್ಮ ಹೆದರಿದರು.

"ಸೇತು 2"ರಲ್ಲಿ ನದಿ, ಕಬ್ಬಿಣದ ಸೇತುವೆ, ಸಾಲಾಗಿ ನಿಂತು ತಳ್ಳುವ ಜವಾನರು. ಆಚೆ ದಡದಲ್ಲಿ ಮನೆಗಳು. ಮಾಡು ನಮ್ಮ ಊರಿನ ಹಾಗೇ ಹಂಚಿನದ್ದು. ಎರಡೂ ಇಲ್ಲಿ ನಿಮಗೆ ನೋಡಲಿಕ್ಕೆ ಹಾಕಿದ್ದೇನೆ.

ಹಳೇ ರೀಲು
ಕಿತ್ತಳೆ ಬೆಳಕು ಬಾಂಬಲ್ಲ. ಆಗಿನ 8 ಎಂ.ಎಂ. ಕ್ಯಾಮೆರಾಕ್ಕೆ ಹಾಕುತ್ತಿದ್ದದ್ದು 16 ಎಂ.ಎಂ. ಅಗಲದ 25 ಅಡಿ ಫಿಲ್ಮ್. ಅರ್ಧ ಅಗಲಕ್ಕೆ ಒಂದು ಸಲ ಓಡಿಸಿ, ಕ್ಯಾಮೆರಾ ಬಿಚ್ಚಿ, ಸುರುಳಿ ತಿರುಗಿಸಿ ಹಾಕಿ ಇನ್ನರ್ಧಕ್ಕೆ ಓಡಿಸಬೇಕು. ತೊಳೆದ ಮೇಲೆ ಉದ್ದಕ್ಕೆ ಸೀಳಿ ಅಂಟಿಸಿದರೆ 50 ಅಡಿ. ಬಿಚ್ಚಿ ತಿರುಗಿಸುವಾಗ ಒಳಗೆ ಹೋದ ಬಿಸಿಲೇ ಆ ಬೆಳಕು. ಅಜ್ಜ ಎರಡು ನಿಮಿಷ ತೆಗೆದು, ಎಲ್ಲೋ ಒಂದು ನೆರಳಿಗೆ ಹೋಗಿ ಅದನ್ನು ತಿರುಗಿಸಿದ್ದಾರೆ.

ಬಣ್ಣದ್ದು ಕೊಡಾಕ್ರೋಮ್. 8 ಎಂ.ಎಂ.ಗೆ ಬಂದದ್ದು 1936ರಲ್ಲಿ. ಕತ್ತಲಲ್ಲಿ ಇಟ್ಟರೆ ಅದರ ಬಣ್ಣ ಬೇಗ ಮಾಸುವುದಿಲ್ಲ. ಟ್ರಂಕೇ ಅದನ್ನು ಕಾಪಾಡಿದ್ದು. ಅಂಚಿನಲ್ಲಿ ಸಣ್ಣ ವೃತ್ತ, ಚೌಕ, ತ್ರಿಕೋನದ ಗುರುತು ಇತ್ತು. ಅದು ಫಿಲ್ಮ್ ತಯಾರಾದ ವರ್ಷ. ಇಪ್ಪತ್ತು ವರ್ಷಕ್ಕೊಮ್ಮೆ ಅದೇ ಗುರುತು ಮತ್ತೆ ಬರುತ್ತದೆ. ನಮ್ಮದಕ್ಕೆ 1943 ಅಥವಾ 1963 ಅಂತ ಬಂತು. 1963 ಆಗಲಿಕ್ಕೆ ಸಾಧ್ಯ ಇಲ್ಲವಲ್ಲ.

ಪಡುಬಿದ್ರಿ ಶೆಣೈ
ಕಬ್ಬಿಣದ ಸೇತುವೆ ತಳ್ಳುವುದು ಅಂದರೆ ಬೈಲಿ ಸೇತುವೆ. 1944ರ ಡಿಸೆಂಬರಿನಲ್ಲಿ ಬರ್ಮಾದ ಕಲೇವಾದಲ್ಲಿ ಚಿಂದ್ವಿನ್ ನದಿಗೆ 1,154 ಅಡಿ ಉದ್ದದ್ದು ಕಟ್ಟಿದರು. ಆಗ ಲೋಕದಲ್ಲೇ ಅತಿ ಉದ್ದದ ಬೈಲಿ. ಮನೆಯವರು ಹೇಳಿದ ಬರ್ಮಾ ಸರಿಯೇ ಇರಬೇಕು.

ಕಾರ್ಕಳದ ಸ್ಯಾಪರ್
ಇಲ್ಲ ಶೆಣೈಯವರೇ. ಕೆಂಪು ಹಕ್ಕಿ ಅಂದರೆ ಕೆಂಪು ಗರುಡ, ನಾಲ್ಕನೇ ಇಂಡಿಯನ್ ಡಿವಿಜನ್ನಿನ ಗುರುತು. ಅವರು ಬರ್ಮಾಕ್ಕೆ ಹೋಗಲೇ ಇಲ್ಲ. ಈಜಿಪ್ಟ್, ಎರಿಟ್ರಿಯಾ, ಲಿಬಿಯಾ, ಟುನೀಷಿಯಾ, ಆಮೇಲೆ ಇಟಲಿ, ಕೊನೆಗೆ ಗ್ರೀಸ್. "ಮರಳು" ಅಂದದ್ದು ಅದಕ್ಕೇ. 1944ರ ಫೆಬ್ರವರಿಯಲ್ಲಿ ಕಸ್ಸೀನೋ ಬೆಟ್ಟದಲ್ಲಿ ಹಿಮ, ಮಳೆ, ಕೆಸರು ಎಲ್ಲ ಒಟ್ಟಿಗೆ ಇತ್ತು. ಬರ್ಮಾದ ಡಿವಿಜನ್‌ಗಳಿಗೆ ಬೇರೆ ಗುರುತು. ಹದಿನೇಳನೆಯದಕ್ಕೆ ಕಪ್ಪು ಬೆಕ್ಕು.

ಬೈಲಿ ಸೇತುವೆ ಬಗ್ಗೆ ಒಂದು ಮಾತು. ಒಂದು ಪ್ಯಾನೆಲ್ 10 ಅಡಿ ಉದ್ದ, ಸುಮಾರು 260 ಕಿಲೊ. ಆರು ಜನ ಹೊರುತ್ತಾರೆ. ವೆಲ್ಡಿಂಗ್ ಇಲ್ಲ, ರಿವೆಟ್ ಇಲ್ಲ. ಪಿನ್ ಹೊಡೆದು ಜೋಡಿಸುವುದು. ಈಚೆ ದಡದಲ್ಲೇ ರೋಲರ್ ಮೇಲೆ ಕಟ್ಟಿ, ಮುಂದೆ ಒಂದು ಹಗುರ ಮೂಗು ಸೇರಿಸಿ, ಜನ ಸೇರಿ ಆಚೆಗೆ ತಳ್ಳುವುದು. ಸೇತುವೆ ನೀರಿನ ಮೇಲೆ ಗಾಳಿಯಲ್ಲಿ ಚಾಚಿಕೊಂಡು ಹೋಗುವಾಗ ಎಲ್ಲರೂ ಉಸಿರು ಹಿಡಿದಿರುತ್ತೇವೆ. ಮೂಗು ಆಚೆ ದಡದ ರೋಲರ್ ಮುಟ್ಟಿದ ಆ ಶಬ್ದ ನನಗೆ ಈಗಲೂ ಕಿವಿಯಲ್ಲಿ ಉಂಟು.

ಫಳ್ನೀರ್
2024ರಲ್ಲಿ ವಯನಾಡಿನ ಚೂರಲ್ಮಲೆಯಲ್ಲಿ ಗುಡ್ಡ ಕುಸಿದಾಗ ಸೇನೆಯವರು ಕಟ್ಟಿದ್ದು ಇದೇ ಅಲ್ವಾ?

ಕಾರ್ಕಳದ ಸ್ಯಾಪರ್
ಅದೇ. 190 ಅಡಿ. ಕಟ್ಟಿದ್ದು ನಮ್ಮ ಮದ್ರಾಸ್ ಇಂಜಿನಿಯರ್ ಗ್ರೂಪ್. ಟಿವಿಯಲ್ಲಿ ನೋಡುತ್ತಾ ನಾನು ಮನೆಯಲ್ಲಿ ಎದ್ದು ನಿಂತಿದ್ದೆ. ಅಜ್ಜನ ಫಿಲ್ಮಿನ ತಂಬಿಗಳೂ ಚೂರಲ್ಮಲೆಯ ತಂಬಿಗಳೂ ಒಂದೇ ಪಿನ್ ಹೊಡೆದವರು.

ಜೆಪ್ಪು ಹಂಚು
ನಾನು ಸೇತುವೆ ಬಗ್ಗೆ ಹೇಳಲಾರೆ, ಮಾಡಿನ ಬಗ್ಗೆ ಹೇಳಬಲ್ಲೆ. ನಮ್ಮದು ಮೂರು ತಲೆಮಾರು ಹಂಚಿನ ಕೆಲಸ. ಮೊಮ್ಮಗಳು ಹಾಕಿದ ಚಿತ್ರ ದೊಡ್ಡದು ಮಾಡಿ ನೋಡಿದೆ. ಅದು ನಮ್ಮ ಹಂಚಲ್ಲ. ಮಂಗಳೂರು ಹಂಚು ಚಪ್ಪಟೆ, ಒಂದರ ಅಂಚು ಇನ್ನೊಂದರ ಕಾಲುವೆಗೆ ಕೂರುತ್ತದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಶುರು ಮಾಡಿದ್ದು ಆ ಮಾದರಿ. ಚಿತ್ರದಲ್ಲಿ ಇರುವುದು ಅರ್ಧ ಕೊಳವೆಯ ಹಾಗೆ ಬಾಗಿದ ಹಂಚು, ನಮ್ಮ ಹಳೇ ನಾಡಹಂಚಿನ ಹಾಗೆ, ಒಂದು ಮಲಗಿಸಿ ಒಂದು ಕವುಚಿ. ಇಟಲಿ, ಗ್ರೀಸ್ ಎರಡು ಕಡೆಯೂ ಇದೇ ಇರುವುದು. ಯಾವುದು ಅಂತ ಹಂಚಿನಿಂದ ಹೇಳಲಿಕ್ಕೆ ಆಗುವುದಿಲ್ಲ.

ಮಣಿಪಾಲ ಬೆಂಚು
ಗೋಡೆಯಿಂದ ಆಗುತ್ತದೆ! 2,310ನೇ ಚಿತ್ರ ನೋಡಿ. ಎಡಗಡೆ ಮನೆಯ ಬಾಗಿಲ ಮೇಲೆ "ಟಬಾಕ್ಕಿ" ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದೆ. ಇಟಲಿಯಲ್ಲಿ ತಂಬಾಕಿನ ಅಂಗಡಿಗೆ ಹಾಗೆ ಬರೆಯುವುದು. ಗ್ರೀಸ್ ಆಗಿದ್ದರೆ ಗ್ರೀಕ್ ಲಿಪಿ ಇರಬೇಕಿತ್ತು.

ಪಡುಬಿದ್ರಿ ಶೆಣೈ
ಒಪ್ಪಿದೆ. ಬರ್ಮಾ ಅಲ್ಲ, ಇಟಲಿ.

ಕೋಡಿಬೆಂಗ್ರೆ
ಎರಡು ರೀಲು ನೋಡಿದೆ. ಒಂದು ಪ್ರಶ್ನೆ. ಇದರಲ್ಲಿ ಯುದ್ಧವೇ ಇಲ್ಲವಲ್ಲ? ಒಂದು ಗುಂಡಿಲ್ಲ, ಒಂದು ಹೆಣ ಇಲ್ಲ. ಅಷ್ಟು ದೂರ ಹೋದವರು ಇದನ್ನೇ ಯಾಕೆ ತೆಗೆದರು?

ಬಂಟ್ವಾಳ ಮೇಷ್ಟ್ರು
ಒಂದು ರೀಲು ಸುಮಾರು ನಾಲ್ಕು ನಿಮಿಷ, ಏಳು ರೀಲು ಅಂದರೆ ಸುಮಾರು 28 ನಿಮಿಷ. ಐದು ವರ್ಷದಲ್ಲಿ 28 ನಿಮಿಷ. ಸ್ಪ್ರಿಂಗಿಗೆ ಕೀ ಕೊಟ್ಟು ತೆಗೆಯುವ ಕ್ಯಾಮೆರಾ, ಫಿಲ್ಮ್ ದುಬಾರಿ. ಅಷ್ಟರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು ಅಂತ ಆ ಮನುಷ್ಯ ಯೋಚಿಸಿಯೇ ತೆಗೆದಿದ್ದಾನೆ. ಒಡೆದದ್ದನ್ನು ತೆಗೆಯಲಿಲ್ಲ, ಕಟ್ಟಿದ್ದನ್ನು ತೆಗೆದ. ಸುತ್ತ ಎಲ್ಲ ಒಡೆದು ಬಿದ್ದಿರುವಾಗ ಅದನ್ನೇ ಹುಡುಕಿ ತೆಗೆದದ್ದು ನನಗೆ ದೊಡ್ಡದಾಗಿ ಕಾಣುತ್ತದೆ.

ಕೋಡಿಬೆಂಗ್ರೆ
ಸೈನ್ಯದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಫಿಲ್ಮ್ ಬಗ್ಗೆ ಬದಲಾಯಿತು. ಆ ಪ್ಯಾನೆಲ್ ಹೊರುವ ಹುಡುಗರಲ್ಲಿ ಕೊನೆಯವನು ಕ್ಯಾಮೆರಾ ನೋಡಿ ನಾಚಿಕೊಂಡ. ಅದು ಎರಡು ಸಲ ನೋಡಿದೆ.

ಕಲ್ಯಾಣಪುರದ ಮೊಮ್ಮಗಳು
ಆರೂ ಮುಗಿಯಿತು. ನಿನ್ನೆ ಬ್ರಹ್ಮಾವರದಲ್ಲಿ ಸಣ್ಣಜ್ಜಿಯ ಮನೆಯಲ್ಲಿ ಟಿವಿಗೆ ಹಾಕಿದೆವು. ಅಮ್ಮ, ಮಾವ, ನಾವು ಮಕ್ಕಳು ಎಲ್ಲ ಇದ್ದೆವು. ರೆಕಾರ್ಡರ್ ಇಟ್ಟಿದ್ದೆ.

"ಊಟ" ರೀಲಿನಲ್ಲಿ ಒಬ್ಬ ದೊಡ್ಡ ಹಂಡೆಯ ಮುಚ್ಚಳ ತೆಗೆದು, ಹಬೆ ಬಂದಾಗ ಕ್ಯಾಮೆರಾಕ್ಕೆ ಆಚೆ ಹೋಗು ಅಂತ ಕೈ ಬೀಸುತ್ತಾನೆ. ಸಣ್ಣಜ್ಜಿ ತಕ್ಷಣ ಹೇಳಿದರು: "ಇವನು ಸೇಲಂನವನು. ಅಣ್ಣ ಹೇಳುತ್ತಿದ್ದ. ಗಂಜಿ ಬೇಕು ಅಂತ ಕೇಳಿದರೆ ಇವನೊಬ್ಬನಿಗೇ ಅರ್ಥ ಆಗುತ್ತಿತ್ತಂತೆ." ಹೆಸರು ನೆನಪಿಲ್ಲ, ಊರು ನೆನಪುಂಟು. 1946ರಲ್ಲಿ ಅಜ್ಜ ಮಂಗಳೂರಿನಲ್ಲಿ ಗೆಳೆಯರ ಮನೆಯ ಗೋಡೆಗೆ ಪಂಚೆ ಕಟ್ಟಿ ಒಂದೇ ಸಲ ಇದನ್ನು ತೋರಿಸಿದರಂತೆ. ಪಕ್ಕದಲ್ಲಿ ನಿಂತು ಪ್ರತಿಯೊಬ್ಬರ ಹೆಸರು, ಊರು ಹೇಳಿದರಂತೆ. ಸಣ್ಣಜ್ಜಿ ಆಗ ಹದಿನೈದರ ಹುಡುಗಿ. ನಾಲ್ಕು ಜನರ ಊರು ನಿನ್ನೆ ಹೇಳಿದರು. ಬರೆದುಕೊಂಡಿದ್ದೇನೆ.

ಇನ್ನೊಂದು. "ತಂಬಿಗಳು" ರೀಲಿನ ಕೊನೆಗೆ ಯಾರೋ ಕ್ಯಾಮೆರಾ ಕೈಗೆ ತೆಗೆದುಕೊಂಡು ಅಜ್ಜನನ್ನೇ ತೆಗೆದಿದ್ದಾರೆ. ದಡದ ಮೇಲೆ ನಡೆದು ಬರುತ್ತಾರೆ. ಕೈಯಲ್ಲಿ ಸ್ಲೈಡ್ ರೂಲ್. ಹತ್ತು ಹನ್ನೆರಡು ಸೆಕೆಂಡು ಅಷ್ಟೇ. ಆದರೆ ತುಂಬಾ ಬೇಗ ಬೇಗ, ಗೊಂಬೆಯ ಹಾಗೆ ಓಡುತ್ತಿದ್ದರು. ಅಮ್ಮ "ಇದು ಅಪ್ಪನ ಹಾಗೆ ಕಾಣುವುದಿಲ್ಲ" ಅಂದುಬಿಟ್ಟರು. ಅಮ್ಮನ ಮುಖ ನೋಡಲಿಕ್ಕೆ ಆಗಲಿಲ್ಲ.

ಹಳೇ ರೀಲು
ವೇಗ ತಪ್ಪಾಗಿದೆ! ಆಗಿನ ಮೂಕಿ ಕ್ಯಾಮೆರಾ ಸೆಕೆಂಡಿಗೆ 16 ಚಿತ್ರ ತೆಗೆಯುವುದು. ಕಂಪ್ಯೂಟರಿನಲ್ಲಿ 25ಕ್ಕೆ ಬಿಟ್ಟಿದ್ದೀರಿ. ಬೆಂಚಿನವರೇ, 16ಕ್ಕೆ ಇಳಿಸಿ ಕಳಿಸಿ.

ಮಣಿಪಾಲ ಬೆಂಚು
ತಪ್ಪು ನಮ್ಮದೇ. ಅವಸರದಲ್ಲಿ ಹಾಗೇ ಕೊಟ್ಟುಬಿಟ್ಟೆವು. ಅಕ್ಕಾ, ಈಗ ಕಳಿಸಿದ್ದೇನೆ.

ಕಲ್ಯಾಣಪುರದ ಮೊಮ್ಮಗಳು
ನೋಡಿದೆವು. ಅಮ್ಮ ಏನೂ ಮಾತಾಡದೆ ಮೂರು ಸಲ ಹಾಕಿಸಿದರು. ಆಮೇಲೆ "ಈಗ ಅಪ್ಪನ ನಡಿಗೆ ಆಯಿತು" ಅಂದರು. ಬಲಗಾಲು ಸ್ವಲ್ಪ ಹೊರಗೆ ಹಾಕಿ ನಡೆಯುವುದು. ನಮ್ಮ ಮಾವನೂ ಹಾಗೇ ನಡೆಯುವುದು. ಮಾವ ಎದ್ದು ಹೊರಗೆ ಅಂಗಳಕ್ಕೆ ಹೋದರು.

ಉರ್ವಾಸ್ಟೋರ್
ಬಸ್ಸಿನಲ್ಲಿ ಓದುತ್ತಿದ್ದೇನೆ. ಕಣ್ಣು ಒರೆಸಿಕೊಂಡೆ.

ಕಂಕನಾಡಿ ಲತಾ
ಆ ನಾಲ್ಕು ಊರುಗಳನ್ನು ಚಿತ್ರದ ಜೊತೆಗೇ ಬರೆದಿಡಿ. ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡು ಅಂತ ಕೂಡ.

ಫಳ್ನೀರ್
ಯೂಟ್ಯೂಬಿಗೆ ಹಾಕಿ. ಸೇಲಂನಲ್ಲಿ ಯಾರಾದರೂ ಮೊಮ್ಮಕ್ಕಳು ನೋಡಲಿ.

ಮಲ್ಪೆ ಗಾಳಿ
ನನಗೆ ಸರಿ ಕಾಣುವುದಿಲ್ಲ. ಮನೆಯದ್ದು ಮನೆಯಲ್ಲಿರಲಿ. ಹಾಕಿದ ಮರುದಿನ ಯಾರೋ ಹಾಡು ಸೇರಿಸಿ, ಸುಳ್ಳು ಹೆಸರು ಹಾಕಿ ಹಂಚುತ್ತಾರೆ.

ಬಂಟ್ವಾಳ ಮೇಷ್ಟ್ರು
ಇಬ್ಬರ ಮಾತಲ್ಲೂ ನಿಜ ಉಂಟು. ಮೂಲ ಫಿಲ್ಮನ್ನು ಮಾತ್ರ ಈ ಹವೆಯಲ್ಲಿ ಇಟ್ಟುಕೊಳ್ಳಬೇಡಿ. ಪುಣೆಯಲ್ಲಿ 1964ರಿಂದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಉಂಟು. ಮುಂಬೈಯಲ್ಲಿ 2014ರಿಂದ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಕೆಲಸ ಮಾಡುತ್ತಿದೆ. ಕೇಳಿ ನೋಡಿ. ಹಕ್ಕು ಮನೆಯವರದ್ದೇ ಇರಲಿ ಅಂತ ಬರವಣಿಗೆಯಲ್ಲಿ ಮಾಡಿಕೊಳ್ಳಿ. ಒಂದು ಪ್ರತಿ ಹಲಸೂರಿನ ಸೆಂಟರಿಗೂ ಹೋಗಬೇಕು.

ಕಾರ್ಕಳದ ಸ್ಯಾಪರ್
ಸೆಂಟರಿಗೆ ನಾನೇ ತೆಗೆದುಕೊಂಡು ಹೋಗುತ್ತೇನೆ. ಬಸ್ ಟಿಕೆಟ್ ನನ್ನದೇ.

ಕಲ್ಯಾಣಪುರದ ಮೊಮ್ಮಗಳು
ಅಮ್ಮ ಮತ್ತು ಮಾವ ಕೂತು ಮಾತಾಡಿದರು. "ತಂಬಿಗಳು" ಮತ್ತು "ಊಟ" ಎಲ್ಲರಿಗೂ ಕಾಣುವ ಹಾಗೆ ಹಾಕುತ್ತೇವೆ. ಆ ಮುಖಗಳು ನಮ್ಮ ಮನೆಯವು ಮಾತ್ರ ಅಲ್ಲ. ಅಜ್ಜ ನಡೆದು ಬರುವ ತುಂಡು ಮಾತ್ರ ಸದ್ಯಕ್ಕೆ ಮನೆಯಲ್ಲಿರಲಿ ಅಂತ ಅಮ್ಮ ಹೇಳಿದರು.

ಉಳಿದದ್ದು ಆ ಏಳನೆಯದು. ಸುರುಳಿ ಅಂಟಿಕೊಂಡು ಗಟ್ಟಿಯಾಗಿದೆ. ಏನು ಮಾಡಲಿ?

ಹಳೇ ರೀಲು
ಎಳೆಯಬೇಡಿ. ಹಾಗೇ ಸಂಗ್ರಹಾಲಯದವರ ಕೈಗೆ ಕೊಡಿ. ಬಿಡಿಸುವ ಕ್ರಮ ಅವರಿಗೆ ಗೊತ್ತಿರುತ್ತದೆ. ಎಲ್ಲ ಸಿಗದೆ ಇರಬಹುದು. ನಾಲ್ಕಾರು ಅಡಿ ಸಿಕ್ಕರೂ ಸಿಕ್ಕಿದ ಹಾಗೆಯೇ.

ಕಲ್ಯಾಣಪುರದ ಮೊಮ್ಮಗಳು
ಸರಿ ಮಾಮ. ಅದರಲ್ಲಿ ಏನುಂಟು ಅಂತ ಸಣ್ಣಜ್ಜಿಗೆ ಕೇಳಿದೆ. "ಹಡಗು. ವಾಪಸು ಬರುವಾಗ ತೆಗೆದದ್ದು. ಎಲ್ಲರೂ ಕಟಕಟೆ ಹಿಡಿದು ನಿಂತಿದ್ದರು" ಅಂದರು. ಡಬ್ಬದ ಮೇಲೆ "ಹಡಗು" ಅಂತ ಬರೆಯಲಾ?

ಹಳೇ ರೀಲು
ಡಬ್ಬದ ಮೇಲೆ ಬೇಡ. ಅಜ್ಜ ಬಿಟ್ಟ ಹಾಗೇ ಇರಲಿ. ಬೇರೆ ಚೀಟಿಯಲ್ಲಿ ಪೆನ್ಸಿಲಿನಲ್ಲಿ ಬರೆಯಿರಿ. ಯಾರು ಹೇಳಿದ್ದು, ಯಾವ ದಿನ ಹೇಳಿದ್ದು ಅಂತಲೂ ಸೇರಿಸಿ.